ರೋಗಿಯ ದಾಖಲೆ ಅಲ್ಲಿಂದ ಹೊರಟಿದೆ, ಇಲ್ಲಿ ಕಾಣುತ್ತಿಲ್ಲ: ದೋಷ ಹುಡುಕುವ ಕ್ರಮ

ಒಂದು ಆಸ್ಪತ್ರೆಯ ತಂತ್ರಾಂಶದಿಂದ ಇನ್ನೊಂದಕ್ಕೆ ರೋಗಿಯ ದಾಖಲೆ ಹೋಗುವಾಗ ಎರರ್ ತೋರಿಸಿ ನಿಲ್ಲುವ ದೋಷಗಳು ಅಷ್ಟೇನೂ ಕಷ್ಟದವಲ್ಲ. ಯಾರಾದರೂ ಗಮನಿಸುತ್ತಾರೆ, ಫೋನ್ ಮಾಡುತ್ತಾರೆ, ಸರಿಯಾಗುತ್ತದೆ. ಹೆದರಬೇಕಾದದ್ದು ಇನ್ನೊಂದು ಬಗೆಗೆ: ಎರಡೂ ಕಡೆಯ ಲಾಗ್‌ನಲ್ಲಿ ‘ಯಶಸ್ವಿ’ ಎಂದಿರುತ್ತದೆ, ಆದರೆ ವೈದ್ಯರ ಪರದೆಯಲ್ಲಿ ದಾಖಲೆ ಖಾಲಿ, ಅರ್ಧ, ಇಲ್ಲವೇ ಬೇರೊಬ್ಬರದು. ಈ ಕೈಪಿಡಿಯ ಹೆಚ್ಚಿನ ಭಾಗ ಆ ಸದ್ದಿಲ್ಲದ ದೋಷಗಳಿಗೇ ಮೀಸಲು. ಆಸ್ಪತ್ರೆಯ ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಎರಡು ಮಾನದಂಡಗಳಾದ ಎಚ್‌ಎಲ್7 ಎರಡನೇ ಆವೃತ್ತಿಯ ಸಂದೇಶಗಳು ಮತ್ತು ವೆಬ್ ಕರೆಗಳ ಮೂಲಕ ನಡೆಯುವ ಫೈರ್ ಆರ್4, ಇವೆರಡನ್ನೂ ಬಳಸುವ ಜಾಲವನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಕೈ ಹಾಕುವ ಮುನ್ನ

ಮೊದಲು ಚಿಕಿತ್ಸೆ ಕೊಡುತ್ತಿರುವವರಿಗೆ ತಿಳಿಸಿ. ಹೊರಗಿನ ದಾಖಲೆ ಬರುತ್ತಿಲ್ಲವಾದರೆ ‘ಹೊರಗಿನ ವರದಿಗಳು ಅಪೂರ್ಣವಾಗಿರಬಹುದು, ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಿ’ ಎಂಬ ಸೂಚನೆ ಸಾಕು. ಒಬ್ಬರ ವರದಿ ಇನ್ನೊಬ್ಬರ ದಾಖಲೆಗೆ ಸೇರಿದೆ ಎಂಬ ಅನುಮಾನ ಬಂದರೆ ಮಾತ್ರ ಕಾಯಬೇಡಿ, ಆ ಫೀಡನ್ನು (ದಾಖಲೆಗಳು ಹರಿದು ಬರುವ ದಾರಿಯನ್ನು) ತಕ್ಷಣ ನಿಲ್ಲಿಸಿ. ಸರತಿಯಲ್ಲಿ ನಿಂತ ಸಂದೇಶವನ್ನು ನಾಳೆಯೂ ಕಳುಹಿಸಬಹುದು. ತಪ್ಪು ರೋಗಿಯ ಹೆಸರಿನಲ್ಲಿ ಕೂತ ಅಲರ್ಜಿಯನ್ನೋ ರಕ್ತದ ಗುಂಪನ್ನೋ ನೋಡಿ ಯಾರಾದರೂ ನಿರ್ಧಾರ ತೆಗೆದುಕೊಂಡರೆ ಅದನ್ನು ಹಿಂದೆ ತರಲಾಗದು.

‘ಲ್ಯಾಬ್ ವರದಿ ಬರುತ್ತಿಲ್ಲ’ ಎಂಬಷ್ಟೇ ದೂರು ಇಟ್ಟುಕೊಂಡು ಹುಡುಕಲು ಹೋದರೆ ದಿನ ಕಳೆದರೂ ಸಿಗದು. ಒಂದೇ ಒಂದು ಉದಾಹರಣೆ ಹಿಡಿಯಿರಿ: ಯಾವ ರೋಗಿ, ಯಾವ ವರದಿ, ಎಷ್ಟು ಹೊತ್ತಿಗೆ ಸಹಿಯಾಯಿತು, ಯಾವ ಪರದೆಯಲ್ಲಿ ಹುಡುಕಿದರು, ಅಲ್ಲಿ ಏನು ಕಂಡಿತು. ರೋಗಿಯ ಹೆಸರು ಬೇಡ, ಒಳಗಿನ ನೋಂದಣಿ ಸಂಖ್ಯೆ ಸಾಕು. ಪರದೆಯ ಚಿತ್ರ ತೆಗೆದು ಚಾಟ್ ಗುಂಪಿಗೆ ಹಾಕುವ ಅಭ್ಯಾಸ ಇದ್ದರೆ ಅದನ್ನು ಇಲ್ಲಿಗೇ ಬಿಡಬೇಕು. ದೋಷ ಹುಡುಕುವ ಕೆಲಸವೇ ಗೋಪ್ಯತೆಯ ಉಲ್ಲಂಘನೆ ಆಗಬಾರದು.

ಇನ್ನೆರಡು ಪ್ರಶ್ನೆ ಕೇಳಿದರೆ ಅರ್ಧ ದಾರಿ ಸವೆಯುತ್ತದೆ. ಇದು ಮೊದಲಿನಿಂದಲೂ ಕೆಲಸ ಮಾಡಿಲ್ಲವೋ, ನಿನ್ನೆಯವರೆಗೆ ಮಾಡಿ ಇವತ್ತು ನಿಂತಿದೆಯೋ? ಎಲ್ಲ ರೋಗಿಗಳಿಗೂ ಹೀಗೋ, ಕೆಲವರಿಗೆ ಮಾತ್ರವೋ? ಎಲ್ಲರಿಗೂ ಒಮ್ಮೆಲೇ ನಿಂತಿದ್ದರೆ ಸಂಪರ್ಕ, ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಪತ್ರ), ಟೋಕನ್ (ತಾತ್ಕಾಲಿಕ ಪ್ರವೇಶ ಚೀಟಿ) ಕಡೆ ನೋಡಿ. ಕೆಲವರಿಗೆ ಮಾತ್ರ ಎಂದಾದರೆ ಗುರುತಿನ ಹೊಂದಾಣಿಕೆ, ಸಮ್ಮತಿ, ಸಂದೇಶದ ಒಳಹೂರಣದ ಕಡೆ.

ಸಂದೇಶ ಎಲ್ಲಿಯವರೆಗೆ ಬಂದಿದೆ

ದಾರಿಯಲ್ಲಿ ಸಾಮಾನ್ಯವಾಗಿ ನಾಲ್ಕು ನಿಲ್ದಾಣಗಳು: ದಾಖಲೆ ಹುಟ್ಟಿದ ತಂತ್ರಾಂಶ, ಕಳುಹಿಸುವ ಕಡೆಯ ಇಂಟರ್‌ಫೇಸ್ ಎಂಜಿನ್ (ಸಂದೇಶಗಳನ್ನು ಬೇಕಾದ ರೂಪಕ್ಕೆ ತಿರುಗಿಸಿ ಸಾಗಿಸುವ ತಂತ್ರಾಂಶ), ಪಡೆಯುವ ಕಡೆಯ ಎಂಜಿನ್, ಕೊನೆಗೆ ಅಲ್ಲಿನ ಡೇಟಾಬೇಸ್ ಮತ್ತು ಪರದೆ. ಹುಡುಕಾಟವನ್ನು ನಡುವಿನಿಂದ ಶುರು ಮಾಡಿ, ಅಂದರೆ ಪಡೆಯುವ ಎಂಜಿನ್‌ನ ಒಳಬರುವ ಲಾಗ್‌ನಿಂದ. ಸಂದೇಶ ಅಲ್ಲಿದ್ದರೆ ಹಿಂದಿನ ಅರ್ಧವನ್ನು ಬಿಟ್ಟುಬಿಡಬಹುದು; ಇಲ್ಲದಿದ್ದರೆ ಮುಂದಿನ ಅರ್ಧವನ್ನು.

ಎಚ್‌ಎಲ್7 ಸಂದೇಶ ಸೆಗ್ಮೆಂಟ್ ಎಂಬ ಸಾಲುಗಳಿಂದ ಆಗಿರುತ್ತದೆ; ಎಂಎಸ್‌ಎಚ್-10 ಎಂದರೆ ಮೊದಲ ಸಾಲಾದ ಎಂಎಸ್‌ಎಚ್‌ನ ಹತ್ತನೇ ಅಂಕಣ. ಸಂದೇಶವನ್ನು ಅಲ್ಲಿರುವ ನಿಯಂತ್ರಣ ಸಂಖ್ಯೆಯಿಂದ ಹಿಂಬಾಲಿಸಿ. ಉತ್ತರವಾಗಿ ಬರುವ ಎಸಿಕೆ (ಸ್ವೀಕೃತಿ) ಸಂದೇಶದ ಎಂಎಸ್‌ಎ-2ರಲ್ಲಿ ಅದೇ ಸಂಖ್ಯೆ ಇರಬೇಕು. ನಡುವಿನ ಎಂಜಿನ್ ಈ ಸಂಖ್ಯೆಯನ್ನು ಬದಲಿಸುತ್ತಿದ್ದರೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಒಂದೇ ಸಾಲಿನಲ್ಲಿ ಲಾಗ್ ಮಾಡುವಂತೆ ಮೊದಲು ಸರಿಪಡಿಸಿಕೊಳ್ಳಿ. ಹಾಗೆ ಮಾಡದೆ ಮುಂದೆ ಹೋಗುವುದು ಕಣ್ಣು ಕಟ್ಟಿಕೊಂಡು ಹುಡುಕಿದಂತೆ. ಫೈರ್ ಕರೆಗಳಿಗೂ ಪ್ರತಿ ವಿನಂತಿಗೆ ಒಂದು ಗುರುತಿನ ಸಂಖ್ಯೆ ಹಾಕಿ, ಎರಡೂ ಕಡೆಯ ಲಾಗ್‌ನಲ್ಲಿ ಅದು ಸಿಗುವಂತಿರಲಿ.

ಸಂಪರ್ಕವೇ ಇಲ್ಲದಾಗ

ಇದು ಬೇಗ ಮುಗಿಯುವ ಭಾಗ. ಪೋರ್ಟ್ ತೆರೆದಿದೆಯೇ ನೋಡಿ. ಎಚ್‌ಎಲ್7 ಸಂದೇಶ ಸಾಗಿಸುವ ಎಂಎಲ್‌ಎಲ್‌ಪಿ ವಿಧಾನಕ್ಕೆ ನೋಂದಾಯಿತ ಪೋರ್ಟ್ 2575, ಆದರೆ ಬಹಳ ಕಡೆ ಬೇರೆ ಸಂಖ್ಯೆ ಬಳಸುತ್ತಾರೆ. ಟಿಸಿಪಿ ಸಂಪರ್ಕ ಆಗಿಯೂ ಪಡೆಯುವವರು ಸುಮ್ಮನಿದ್ದರೆ ಸಂದೇಶದ ಚೌಕಟ್ಟನ್ನು ಪರೀಕ್ಷಿಸಿ. ಸಂದೇಶ ಹೆಕ್ಸ್ 0ಬಿ ಬೈಟ್‌ನಿಂದ ಆರಂಭವಾಗಿ 1ಸಿ, 0ಡಿ ಎಂಬ ಎರಡು ಬೈಟ್‌ಗಳಿಂದ ಮುಗಿಯಬೇಕು. ಕೊನೆಯ ಬೈಟ್‌ಗಳು ಬರದಿದ್ದರೆ ಆ ಕಡೆಯ ಪ್ರೋಗ್ರಾಂ ಸಂದೇಶ ಇನ್ನೂ ಮುಗಿದಿಲ್ಲ ಎಂದೇ ಕಾಯುತ್ತಿರುತ್ತದೆ. ಸೆಗ್ಮೆಂಟ್‌ಗಳ ನಡುವೆ 0ಡಿ ಇರಬೇಕಾದ ಕಡೆ 0ಎ ಇದ್ದರೆ ಇಡೀ ಸಂದೇಶ ಒಂದೇ ಉದ್ದನೆಯ ಎಂಎಸ್‌ಎಚ್ ಆಗಿ ಓದಲ್ಪಟ್ಟು ತಿರಸ್ಕೃತವಾಗುತ್ತದೆ.

ಬೆಳಿಗ್ಗೆಯ ಮೊದಲ ಸಂದೇಶ ಮಾತ್ರ ಸೋಲುತ್ತದೆ, ಮತ್ತೆ ಕಳುಹಿಸಿದರೆ ಹೋಗುತ್ತದೆ ಎಂದರೆ ಕಾರಣ ಬಹುಮಟ್ಟಿಗೆ ಫೈರ್‌ವಾಲ್ ಅಥವಾ ಲೋಡ್ ಬ್ಯಾಲೆನ್ಸರ್. ಸಂದೇಶವಿಲ್ಲದ ಸಂಪರ್ಕವನ್ನು ಅದು ಯಾರಿಗೂ ಹೇಳದೆ ಮರೆತುಬಿಡುತ್ತದೆ. ಕಳುಹಿಸುವ ಕಡೆ ಸಂಪರ್ಕ ಇನ್ನೂ ಜೀವಂತವಿದೆ ಎಂದುಕೊಂಡಿರುತ್ತದೆ. ಟಿಸಿಪಿ ಕೀಪ್‌ಅಲೈವ್ (ಸಂಪರ್ಕವನ್ನು ಜೀವಂತವಿಡುವ ಸಣ್ಣ ಸಂಕೇತ) ಹಾಕಿದ್ದೇವೆ ಎನ್ನುವವರು ಅವಧಿಯನ್ನೂ ನೋಡಬೇಕು. ಲಿನಕ್ಸ್‌ನಲ್ಲಿ ಅದರ ಮೂಲ ಅವಧಿ 7200 ಸೆಕೆಂಡು, ಅಂದರೆ ಎರಡು ಗಂಟೆ. ಫೈರ್‌ವಾಲ್‌ನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಕೀಪ್‌ಅಲೈವ್ ಇದ್ದೂ ಇಲ್ಲದಂತೆ.

ಸರ್ಟಿಫಿಕೇಟ್ ವಿಷಯದಲ್ಲಿ ಜನ ಹೆಚ್ಚು ಹೊತ್ತು ಕಳೆಯುವುದು ಒಂದೇ ಕಡೆ: ಬ್ರೌಸರ್‌ನಲ್ಲಿ ವಿಳಾಸ ತೆರೆಯುತ್ತದೆ, ತಂತ್ರಾಂಶದಿಂದ ಕರೆದರೆ ಸೋಲುತ್ತದೆ. ಸರ್ವರ್ ತನ್ನ ಮಧ್ಯಂತರ ಸರ್ಟಿಫಿಕೇಟ್ ಕಳುಹಿಸದಿದ್ದರೂ ಬ್ರೌಸರ್‌ಗಳು ಅದನ್ನು ತಾವೇ ಹುಡುಕಿಕೊಳ್ಳಬಲ್ಲವು. ಎಂಜಿನ್‌ಗಳು ಸಾಮಾನ್ಯವಾಗಿ ಹುಡುಕಿಕೊಳ್ಳುವುದಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣದಿಂದ ಸರ್ಟಿಫಿಕೇಟ್‌ಗಳ ಪೂರ್ಣ ಸರಪಳಿಯನ್ನು ತೆಗೆದು ನೋಡಿ. ಎರಡೂ ಕಡೆ ಸರ್ಟಿಫಿಕೇಟ್ ತೋರಿಸಬೇಕಾದ ವ್ಯವಸ್ಥೆಯಲ್ಲಿ ನಿಮ್ಮದನ್ನು ನವೀಕರಿಸಿದ ದಿನವೇ ಆ ಕಡೆಯ ನಂಬಿಕೆಯ ಪಟ್ಟಿಗೂ ಹೊಸದು ಸೇರಿದೆಯೇ ಎಂದು ಕೇಳಿ. ಪರಿಶೀಲನೆಯನ್ನೇ ಆಫ್ ಮಾಡುವುದು ಪರಿಹಾರವಲ್ಲ, ಒಂದು ಗಂಟೆಯ ಮಟ್ಟಿಗೂ ಅಲ್ಲ.

‘ಎಎ’ ಬಂತು ಎಂದರೆ ಏನು ಬಂತು

ಎಸಿಕೆಯಲ್ಲಿ ಎಎ ಎಂದರೆ ಒಪ್ಪಿದೆ, ಎಇ ಎಂದರೆ ಸಂದೇಶದಲ್ಲಿ ತಪ್ಪಿದೆ, ಎಆರ್ ಎಂದರೆ ತಿರಸ್ಕರಿಸಿದೆ. ಮುಖ್ಯವಾದದ್ದು, ಒಪ್ಪಿದ್ದು ಯಾರು ಎಂಬುದು. ಬಹಳಷ್ಟು ಎಂಜಿನ್‌ಗಳು ಸಂದೇಶ ತಮ್ಮ ಸರತಿಗೆ ಬಿದ್ದ ಕೂಡಲೇ ಎಎ ಕೊಡುತ್ತವೆ. ರೋಗಿಯ ದಾಖಲೆಗೆ ಅದು ಬರೆಯಲ್ಪಟ್ಟಿದೆ ಎಂಬ ಅರ್ಥ ಅದರಲ್ಲಿಲ್ಲ. ಎಎ ಇದ್ದೂ ವರದಿ ಕಾಣದಿದ್ದರೆ ಪಡೆಯುವ ಕಡೆಯ ಎರರ್ ಸರತಿಯನ್ನು ತೆರೆಸಿ ನೋಡಿ. ಬಹುತೇಕ ಸಂದೇಶ ಅಲ್ಲೇ ಕೂತಿರುತ್ತದೆ, ‘ರೋಗಿ ಸಿಗಲಿಲ್ಲ’ ಎಂದೋ ‘ಈ ಕೋಡ್ ಪಟ್ಟಿಯಲ್ಲಿಲ್ಲ’ ಎಂದೋ ಕಾರಣ ಹೊತ್ತು. ಆ ಸರತಿಯನ್ನು ದಿನವೂ ನೋಡುವ ಹೊಣೆ ಒಬ್ಬರ ಹೆಸರಿನಲ್ಲಿ ಇರಬೇಕು.

ಇದರ ತಿರುಗುಮುರುಗೂ ಉಂಟು. ಪಡೆಯುವವರು ವರದಿ ಬರೆದುಕೊಂಡಿದ್ದಾರೆ, ಎಸಿಕೆ ಮಾತ್ರ ತಡವಾಗಿದೆ. ಕಳುಹಿಸುವವರು ಕಾದು ಸಾಕಾಗಿ ಮತ್ತೆ ಕಳುಹಿಸುತ್ತಾರೆ, ಒಂದೇ ವರದಿ ಎರಡು ಸಲ ಕಾಣುತ್ತದೆ. ಪಡೆಯುವ ಕಡೆ ಎಂಎಸ್‌ಎಚ್-10 ನೋಡಿ ಎರಡನೆಯದನ್ನು ಬಿಡಬೇಕು, ಆದರೆ ಎಎ ಮಾತ್ರ ಮತ್ತೆ ಕೊಡಬೇಕು. ಎಎ ಕೊಡದೆ ಬಿಟ್ಟರೆ ಕಳುಹಿಸುವ ಕಡೆಯ ಸರತಿ ಅದೇ ಸಂದೇಶದ ಮೇಲೆ ನಿಂತುಬಿಡುತ್ತದೆ. ಎಂಎಲ್‌ಎಲ್‌ಪಿ ಸಂಪರ್ಕದಲ್ಲಿ ಸಾಮಾನ್ಯವಾಗಿ ಒಂದರ ಉತ್ತರ ಬಂದ ಮೇಲೆ ಇನ್ನೊಂದು ಹೊರಡುವುದರಿಂದ, ಒಂದು ಕೆಟ್ಟ ಸಂದೇಶ ಹಿಂದಿರುವ ಎಲ್ಲವನ್ನೂ ತಡೆಹಿಡಿಯಬಲ್ಲದು.

ಫೈರ್ ಸರ್ವರ್ ಏನು ಹೇಳುತ್ತಿದೆ

ಸರ್ವರ್‌ನ ಉತ್ತರದ ಕೋಡ್ 401 (ಗುರುತು ಒಪ್ಪಿಲ್ಲ) ಎಂದು ಬಂದರೆ ಟೋಕನ್ ನೋಡಿ. ಅವಧಿ ಮುಗಿದಿದೆಯೇ, ಕೀಲಿ ಬದಲಾಗಿ ಹಳೆಯ ಕೀಲಿಯ ಗುರುತು ಉಳಿದಿದೆಯೇ, ಸರ್ವರ್ ಗಡಿಯಾರ ಸರಿಯಿದೆಯೇ. ಸ್ಮಾರ್ಟ್ (ಫೈರ್ ಪ್ರವೇಶಾನುಮತಿಯ ಮಾನದಂಡ) ಬ್ಯಾಕೆಂಡ್ ಸೇವೆಗಳಲ್ಲಿ ಟೋಕನ್ ಕೇಳಲು ಕಳುಹಿಸುವ, ಸಹಿ ಮಾಡಿದ ಜೆಡಬ್ಲ್ಯುಟಿ ಎಂಬ ಗುರುತಿನ ಪತ್ರದ ಅವಧಿ 5 ನಿಮಿಷಕ್ಕಿಂತ ಮುಂದೆ ಇರಕೂಡದು. ಆದ್ದರಿಂದ ಗಡಿಯಾರ ಕೆಲವೇ ನಿಮಿಷ ಜಾರಿದರೂ ಟೋಕನ್ ಸಿಗುವ ಮೊದಲೇ ಕೆಲಸ ನಿಲ್ಲುತ್ತದೆ. ಎರಡೂ ಕಡೆ ಗಡಿಯಾರ ಹೊಂದಿಸುವ ಎನ್‌ಟಿಪಿ ಓಡುತ್ತಿದೆಯೇ ನೋಡಿದರೆ ಸಾಕು. 403 ಎಂದರೆ ಗುರುತು ಒಪ್ಪಿದೆ, ಅನುಮತಿ ಇಲ್ಲ. ಸ್ಮಾರ್ಟ್ ಮೊದಲ ಆವೃತ್ತಿಯ ಸ್ಕೋಪ್‌ಗಳು (ಕೇಳುವ ಅನುಮತಿಗಳ ಹೆಸರು) ‘ರೀಡ್’ ಎಂದು ಮುಗಿಯುತ್ತವೆ, ಎರಡನೆಯದರಲ್ಲಿ ‘ಆರ್‌ಎಸ್’ ಥರದ ಅಕ್ಷರಗಳು. ಒಬ್ಬರು ಹಳೆಯದನ್ನು ಕೇಳಿ ಇನ್ನೊಬ್ಬರು ಹೊಸದನ್ನು ಮಾತ್ರ ಬಲ್ಲವರಾದರೆ ಬೇಕಾದ ಅನುಮತಿ ಸಿಗದೆ 403 ಬರುತ್ತದೆ. 404 ನೋಡಿ ದಾಖಲೆ ಇಲ್ಲ ಎಂದು ತೀರ್ಮಾನಿಸಬೇಡಿ: ದಾಖಲೆ ಇದೆ ಎಂಬ ಸುಳಿವೂ ಹೊರಬೀಳದಿರಲಿ ಎಂದು ಕೆಲವು ಸರ್ವರ್‌ಗಳು 403ರ ಬದಲು 404 ಕೊಡುತ್ತವೆ. 422 ಬಂದಾಗ ಜೊತೆಗಿರುವ ಆಪರೇಶನ್‌ಔಟ್‌ಕಮ್ ಪೂರ್ತಿ ಓದಿ. ಯಾವ ಅಂಶ ಯಾವ ನಿಯಮ ಮುರಿದಿದೆ ಎಂದು ಅದರಲ್ಲೇ ಬರೆದಿರುತ್ತದೆ.

413 (ಗಾತ್ರ ಮಿತಿ ಮೀರಿದೆ) ಬಂದರೆ ಕಾರಣ ಹೆಚ್ಚಾಗಿ ನಡುವಿನ ಪ್ರಾಕ್ಸಿ. ಪಿಡಿಎಫ್ ಅನ್ನು ಪಠ್ಯರೂಪವಾದ ಬೇಸ್64ಗೆ ತಿರುಗಿಸಿದಾಗ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಪ್ರಾಕ್ಸಿಯಾಗಿ ಬಳಸುವ ಎಂಜಿನ್‌ಎಕ್ಸ್ ತಂತ್ರಾಂಶದ ಮೂಲ ಮಿತಿ 1 ಎಂಬಿ. ಅಂದರೆ ಸುಮಾರು 750 ಕೆಬಿ ದಾಟಿದ ವರದಿಗಳೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ಒಂದು ಪುಟದ ವರದಿ ಹೋಗುತ್ತದೆ, ಚಿತ್ರಗಳಿರುವ ಡಿಸ್‌ಚಾರ್ಜ್ ಸಾರಾಂಶ ಹೋಗುವುದಿಲ್ಲ ಎಂಬ ದೂರಿನ ಮೂಲ ಇಲ್ಲಿರಬಹುದು.

200 ಬಂದು ಬಂಡಲ್ ಖಾಲಿ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದದ್ದು ಇಲ್ಲಿ: 200 ಎಂದರೆ ಯಶಸ್ವಿ, ಬಂಡಲ್ ಎಂದರೆ ಹುಡುಕಾಟದ ಫಲಿತಾಂಶಗಳ ಕಟ್ಟು. ಒಟ್ಟು ಸೊನ್ನೆ ಎಂಬ ಉತ್ತರಕ್ಕೆ ಕನಿಷ್ಠ ನಾಲ್ಕು ಅರ್ಥಗಳಿವೆ: ನಿಜಕ್ಕೂ ದಾಖಲೆ ಇಲ್ಲ; ದಾಖಲೆ ಇದೆ, ಆದರೆ ಸಮ್ಮತಿ ಇಲ್ಲದ್ದರಿಂದ ಮರೆಮಾಡಿದೆ; ಬೇರೆ ರೋಗಿಯ ಗುರುತಿನಲ್ಲಿ ಹುಡುಕಿದ್ದೀರಿ; ನೀವು ಕೇಳಿದ್ದು ಒಂದು, ಸರ್ವರ್ ಹುಡುಕಿದ್ದು ಇನ್ನೊಂದು.

ನಾಲ್ಕನೆಯದನ್ನು ಮೊದಲು ಕಳೆಯಿರಿ, ಅದು ಸುಲಭ. ಉತ್ತರದ ಬಂಡಲ್‌ನಲ್ಲಿ ‘ಸೆಲ್ಫ್’ ಎಂಬ ಕೊಂಡಿ ಇರುತ್ತದೆ. ಸರ್ವರ್ ನಿಜವಾಗಿ ಬಳಸಿದ ಷರತ್ತುಗಳು ಅದರಲ್ಲಿರುತ್ತವೆ. ನೀವು ಕಳುಹಿಸಿದ ವಿಳಾಸದ ಪಕ್ಕದಲ್ಲಿ ಅದನ್ನಿಟ್ಟು ಹೋಲಿಸಿ. ತನಗೆ ಗೊತ್ತಿಲ್ಲದ ಷರತ್ತನ್ನು ಸರ್ವರ್ ಸುಮ್ಮನೆ ಬಿಟ್ಟುಬಿಡಬಹುದು, ಹಾಗೆ ಬಿಟ್ಟರೆ ಫಲಿತಾಂಶ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ: ಕಳೆದ ತಿಂಗಳದ್ದು ಕೇಳಿದರೆ ಎಲ್ಲ ವರ್ಷಗಳದ್ದೂ ಬರುತ್ತದೆ. ‘ಪ್ರಿಫರ್’ ಹೆಡರ್‌ನಲ್ಲಿ ಹ್ಯಾಂಡ್ಲಿಂಗ್ ಅನ್ನು ‘ಸ್ಟ್ರಿಕ್ಟ್’ ಎಂದು ಕೇಳಿ ಮತ್ತೊಮ್ಮೆ ಓಡಿಸಿ. ಅದನ್ನು ಪಾಲಿಸುವ ಸರ್ವರ್ ಗೊತ್ತಿಲ್ಲದ ಷರತ್ತಿಗೆ ಎರರ್ ಕೊಡುತ್ತದೆ. ಸರ್ವರ್‌ಗೆ ಏನೆಲ್ಲ ಬರುತ್ತದೆ ಎಂಬುದು ‘ಮೆಟಾಡೇಟಾ’ ವಿಳಾಸದ ಕೆಪಬಿಲಿಟಿಸ್ಟೇಟ್‌ಮೆಂಟ್‌ನಲ್ಲಿದೆ.

ಸಮ್ಮತಿಯ ಪ್ರಶ್ನೆಯನ್ನು ನೀವೇ ಪರೀಕ್ಷಿಸಲು ಹೋಗಬೇಡಿ. ದಾಖಲೆ ಇರುವ ಕಡೆಯ ಜವಾಬ್ದಾರರು ತಮ್ಮ ಆಡಿಟ್ ಲಾಗ್ ನೋಡಿ ತಡೆ ಸಮ್ಮತಿಯಿಂದಲೋ ಅಲ್ಲವೋ ಹೇಳಬೇಕು. ದೋಷ ಹುಡುಕುವ ನೆಪದಲ್ಲಿ ತುರ್ತು ಪ್ರವೇಶದ ಸೌಲಭ್ಯ ಬಳಸುವುದೂ, ಸಮ್ಮತಿಯ ಫಿಲ್ಟರ್ ತೆಗೆದು ನೋಡುವುದೂ ರೋಗಿಗೆ ಕೊಟ್ಟ ಮಾತಿಗೆ ತಪ್ಪಿದಂತೆ. ಪರದೆ ಮಾಡುವವರಿಗೂ ಒಂದು ಮಾತು: ‘ದಾಖಲೆ ಇಲ್ಲ’ ಎಂದು ಬರೆಯಬೇಡಿ, ‘ಲಭ್ಯವಿರುವ ದಾಖಲೆ ಸಿಗಲಿಲ್ಲ’ ಎಂದು ಬರೆಯಿರಿ.

ಖಾಲಿಯಲ್ಲ, ಆದರೆ ಅರ್ಧ ಎಂದರೆ ಪುಟಗಳನ್ನು ನೋಡಿ. ಬಂಡಲ್‌ನಲ್ಲಿ ‘ನೆಕ್ಸ್ಟ್’ ಕೊಂಡಿ ಇದ್ದರೆ ಇನ್ನೂ ಇದೆ ಎಂದರ್ಥ. ಮೊದಲ ಪುಟ ಮಾತ್ರ ಓದುವ ತಂತ್ರಾಂಶ ಪರೀಕ್ಷೆಯಲ್ಲಿ ಯಾವತ್ತೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಪರೀಕ್ಷೆಗೆ ಮಾಡಿದ ರೋಗಿಗೆ ನಾಲ್ಕೈದು ವರದಿ ಮಾತ್ರ ಇರುತ್ತವೆ. ಸಿಕ್ಕಿಬೀಳುವುದು ವರ್ಷಗಟ್ಟಲೆ ಕಾಯಿಲೆಯಿರುವವರ ಹತ್ತಿರ, ದಾಖಲೆಯ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವವರ ಹತ್ತಿರ.

ಇವರು ಅವರೇನಾ?

ರೋಗಿಯ ಗುರುತು ಹೇಳುವ ಸೆಗ್ಮೆಂಟಾದ ಪಿಐಡಿಯ ಮೂರನೇ ಅಂಕಣದಲ್ಲಿ (ಪಿಐಡಿ-3) ಒಬ್ಬ ರೋಗಿಯ ಹಲವು ಸಂಖ್ಯೆಗಳು ~ ಚಿಹ್ನೆಯಿಂದ ಬೇರ್ಪಟ್ಟು ಬರಬಹುದು. ಪ್ರತಿ ಸಂಖ್ಯೆಯ ನಾಲ್ಕನೇ ಘಟಕ ಅದನ್ನು ಕೊಟ್ಟವರು ಯಾರು ಎಂದೂ ಐದನೆಯದು ಅದು ಯಾವ ಬಗೆಯದೆಂದೂ ಹೇಳುತ್ತದೆ. ಮೊದಲನೆಯದನ್ನೇ ಕಣ್ಣುಮುಚ್ಚಿ ಎತ್ತಿಕೊಳ್ಳುವ ಮ್ಯಾಪಿಂಗ್ (ಯಾವ ಮಾಹಿತಿ ಎಲ್ಲಿಗೆ ಎಂಬ ನಿಯಮ), ಕಳುಹಿಸುವವರು ಸಂಖ್ಯೆಗಳ ಕ್ರಮ ಬದಲಿಸುವವರೆಗೆ ಸರಿಯಾಗಿಯೇ ನಡೆಯುತ್ತದೆ, ಅದಾದ ಮೇಲೆ ಎಲ್ಲ ಸಂದೇಶವೂ ‘ರೋಗಿ ಸಿಗಲಿಲ್ಲ’ ಎಂದು ಬೀಳುತ್ತದೆ. ಕೊಟ್ಟವರ ಹೆಸರನ್ನೇ ನೋಡದೆ ಸಂಖ್ಯೆ ಹೊಂದಿಸುವುದು ಅದಕ್ಕಿಂತ ಕೆಟ್ಟದ್ದು: ಎರಡು ಆಸ್ಪತ್ರೆಗಳಲ್ಲಿ ಒಂದೇ ನೋಂದಣಿ ಸಂಖ್ಯೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳದ್ದಾಗಿರಬಹುದು. ಫೈರ್‌ನಲ್ಲೂ ಅಷ್ಟೇ, ‘ಐಡೆಂಟಿಫೈಯರ್’ ಎಂದರೆ ‘ಸಿಸ್ಟಮ್’ ಮತ್ತು ‘ವ್ಯಾಲ್ಯೂ’ ಎರಡೂ ಸೇರಿದ್ದು.

ಸಂಖ್ಯೆ ಸರಿಯಿದ್ದೂ ಹೊಂದುತ್ತಿಲ್ಲವಾದರೆ ಮುಂದಿನ ಸೊನ್ನೆಗಳನ್ನು ನೋಡಿ. ಸಂಖ್ಯೆಯನ್ನು ಪಠ್ಯವಾಗಿ ಇಡದೆ ಅಂಕಿಯಾಗಿ ಇಟ್ಟ ಕಡೆ 004512 ಎಂಬುದು 4512 ಆಗಿರುತ್ತದೆ. ಇಬ್ಬರು ಅವಳಿಗಳಿಗೆ ಹುಟ್ಟಿದ ದಿನ, ವಿಳಾಸ, ಫೋನ್, ಕುಟುಂಬದ ಹೆಸರು ಎಲ್ಲ ಒಂದೇ ಆಗಿರಬಹುದು, ಒಬ್ಬರ ವರದಿ ಇನ್ನೊಬ್ಬರಿಗೆ ಹೊಂದಿಬಿಡಬಹುದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ತುಂಬುವ ಅಭ್ಯಾಸವಿರುವ ಕಡೆ ಆ ದಿನಾಂಕಕ್ಕೆ ಹೊಂದಾಣಿಕೆಯಲ್ಲಿ ಬೆಲೆಯೇ ಇರಬಾರದು. ಹೆಸರಿನ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುವುದು ಇನ್ನೊಂದು ತೊಡಕು.

ಹಳೆಯ ಇತಿಹಾಸ ಒಂದು ಸಂಖ್ಯೆಯಲ್ಲಿ, ಹೊಸ ವರದಿ ಇನ್ನೊಂದರಲ್ಲಿ ಎಂದರೆ ವಿಲೀನದ ಸಂದೇಶ ಕಳೆದುಹೋಗಿದೆ. ಎರಡು ದಾಖಲೆಗಳನ್ನು ಒಂದಾಗಿಸುವ ಎಡಿಟಿ ಎ40 ಸಂದೇಶದಲ್ಲಿ ಉಳಿಯುವ ಸಂಖ್ಯೆ ಪಿಐಡಿ-3ರಲ್ಲೂ ಬಿಡಬೇಕಾದ ಹಳೆಯದು ಎಂಆರ್‌ಜಿ-1ರಲ್ಲೂ ಇರುತ್ತದೆ. ಪಡೆಯುವ ಕಡೆ ಎ40ನ್ನು ಫಿಲ್ಟರ್ ಮಾಡಿ ಎಸೆಯುತ್ತಿದೆಯೇ ನೋಡಿ. ಆರಂಭದಲ್ಲಿ ‘ಆಮೇಲೆ ಮಾಡೋಣ’ ಎಂದು ಬಿಟ್ಟದ್ದು ಹಾಗೇ ಉಳಿದಿರುತ್ತದೆ. ಫೈರ್‌ನಲ್ಲಿ ಪೇಶೆಂಟ್ ದಾಖಲೆಯ ‘ಲಿಂಕ್’ನಲ್ಲಿ ‘ರಿಪ್ಲೇಸ್ಡ್-ಬೈ’ ಇದ್ದರೆ ಅದು ತೋರಿಸುವ ದಾಖಲೆಗೆ ಹೋಗಬೇಕು.

ತಲುಪಿದೆ, ಆದರೆ ತಪ್ಪಾಗಿ ತಲುಪಿದೆ

ಹುಟ್ಟಿದ ದಿನ ಒಂದು ದಿನ ಹಿಂದೆ ಹೋಗಿದ್ದರೆ ಯಾರೋ ದಿನಾಂಕಕ್ಕೆ ಸಮಯ ಅಂಟಿಸಿದ್ದಾರೆ. ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) ಮುಂದಿರುವ ವಲಯದಲ್ಲಿ ಆ ದಿನದ ನಡುರಾತ್ರಿಯನ್ನು ಯುಟಿಸಿಗೆ ತಿರುಗಿಸಿದರೆ ಹಿಂದಿನ ದಿನವಾಗುತ್ತದೆ. ಹುಟ್ಟಿದ ದಿನವನ್ನು ಯಾವ ಹಂತದಲ್ಲೂ ಸಮಯವಾಗಿ ತಿರುಗಿಸದೆ ಬರಿಯ ದಿನಾಂಕವಾಗಿಯೇ ಸಾಗಿಸಿ. ಔಷಧ ಕೊಟ್ಟ ಹೊತ್ತು, ರಕ್ತ ತೆಗೆದ ಹೊತ್ತು ಇವಕ್ಕೆ ಉಲ್ಟಾ: ಕಾಲವಲಯ ಇರಲೇಬೇಕು, ಫೈರ್ ಅದನ್ನು ಕಡ್ಡಾಯ ಮಾಡಿದೆ. ಎಚ್‌ಎಲ್7ರ ಎರಡನೇ ಆವೃತ್ತಿಯಲ್ಲಿ ಅದು ಐಚ್ಛಿಕ, ಅಲ್ಲೇ ಗೊಂದಲ ಹುಟ್ಟುವುದು.

ಅಳತೆಯ ಮಾನದ ತಪ್ಪು ಜೀವಕ್ಕೇ ಕುತ್ತು. ರಕ್ತದ ಗ್ಲೂಕೋಸ್ ಲೀಟರಿಗೆ 5.5 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ ಸುಮಾರು 99 ಮಿಲಿಗ್ರಾಂ, ಸಹಜ ಮಟ್ಟ. ಅದೇ 5.5ರ ಪಕ್ಕ ಮಿಲಿಗ್ರಾಂ ಎಂದು ಬಿದ್ದರೆ ಪ್ರಾಣ ಹೋಗುವ ಮಟ್ಟ. ಕ್ರಿಯಾಟಿನಿನ್‌ನಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕವನ್ನು ಲೀಟರಿಗೆ ಮೈಕ್ರೋಮೋಲ್ ಆಗಿಸುವ ಗುಣಕ 88.4. ಲ್ಯಾಬ್ ಪರೀಕ್ಷೆಗಳ ಕೋಡ್ ಪಟ್ಟಿಯಾದ ಲೋಯಿಂಕ್‌ನಲ್ಲಿ ಸೀರಂ ಗ್ಲೂಕೋಸ್‌ನ ತೂಕದ ಲೆಕ್ಕಕ್ಕೆ 2345-7, ಮೋಲ್ ಲೆಕ್ಕಕ್ಕೆ 14749-6; ಕೋಡ್ ಒಂದರದ್ದು, ಮಾನ ಇನ್ನೊಂದರದ್ದು ಬಂದರೆ ಊಹಿಸಿ ತಿದ್ದಬೇಡಿ, ಸಂದೇಶವನ್ನು ತಡೆದು ಲ್ಯಾಬನ್ನು ಕೇಳಿ. ಮಾನಗಳನ್ನು ಬರೆಯುವ ಯುಸಿಯುಎಂ ಪದ್ಧತಿಯಲ್ಲಿ ರೋಮನ್ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ: ಸಣ್ಣ ಎಂ ಮಿಲಿ, ದೊಡ್ಡ ಎಂ ಮೆಗಾ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ಬಗೆಯ ಅಕ್ಷರಕ್ಕೆ ತಿರುಗಿಸುವ ಕೋಡ್ ಇದ್ದರೆ ತೆಗೆಯಿರಿ.

‘<0.01’ ಎಂದು ಬಂದ ಫಲಿತಾಂಶ ಬರಿ 0.01 ಆಗಿ ಕಾಣುವುದೂ ಇದೇ ಜಾತಿಯ ತಪ್ಪು. ಫಲಿತಾಂಶದ ಸೆಗ್ಮೆಂಟಾದ ಒಬಿಎಕ್ಸ್‌ನ ಎರಡನೇ ಅಂಕಣದಲ್ಲಿ (ಒಬಿಎಕ್ಸ್-2) ಎನ್‌ಎಂ ಎಂದಿದ್ದರೆ ಬರಿಯ ಸಂಖ್ಯೆ ಮಾತ್ರ ಸಲ್ಲುತ್ತದೆ. ಹೋಲಿಕೆಯ ಚಿಹ್ನೆ ಬೇಕಾದರೆ ಎಸ್‌ಎನ್ ಬಗೆ ಬಳಸಬೇಕು. ಫೈರ್‌ನಲ್ಲಿ ಅದು ‘ಕಂಪ್ಯಾರೇಟರ್’ಗೆ ಹೋಗಬೇಕು, ಪರದೆ ಅದನ್ನು ತೋರಿಸಲೂ ಬೇಕು.

ಅಕ್ಷರ ಕೆಟ್ಟಿದ್ದರೆ ಹೇಗೆ ಕೆಟ್ಟಿದೆ ಎಂದು ನೋಡಿ. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ ಮಾಹಿತಿ ದಾರಿಯಲ್ಲೇ ಅಳಿದಿದೆ, ಮೂಲದಿಂದ ಮತ್ತೆ ತರಿಸಲೇಬೇಕು. ಗುರುತು ಹೊತ್ತ ರೋಮನ್ ಅಕ್ಷರಗಳ ರಾಶಿ ಕಂಡರೆ ಯುಟಿಎಫ್-8 ಪಠ್ಯವನ್ನು ಬೇರೆ ಪದ್ಧತಿಯಲ್ಲಿ ಓದಲಾಗಿದೆ. ಬೈಟ್‌ಗಳು ಹಾಳಾಗಿರದಿದ್ದರೆ ಉಳಿಸಬಹುದು. ಅಕ್ಷರ ಪದ್ಧತಿ ತಿಳಿಸುವ ಎಂಎಸ್‌ಎಚ್-18 ಏನು ಹೇಳುತ್ತದೆ, ಎಂಜಿನ್ ಅದನ್ನು ನಿಜಕ್ಕೂ ಪಾಲಿಸುತ್ತದೆಯೇ ಎಂದು ನೋಡಿ. ಉದ್ದದ ಹೆಸರು ಕೊನೆಯಲ್ಲಿ ತುಂಡಾಗಿದ್ದರೆ ಡೇಟಾಬೇಸ್ ಕಾಲಂನ ಮಿತಿ ಬೈಟ್‌ಗಳಲ್ಲಿದೆಯೇ ಪರೀಕ್ಷಿಸಿ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು.

ವೈದ್ಯರ ಟಿಪ್ಪಣಿ ನಡುವೆಯೇ ಕಡಿದುಹೋಗಿದ್ದರೆ ಆ ಜಾಗದಲ್ಲಿ | ^ & ~ ಇವುಗಳಲ್ಲೊಂದು ಇತ್ತೇ, ಅಥವಾ ಎಂಟರ್ ಒತ್ತಿದ್ದರೇ ಎಂದು ಮೂಲದಲ್ಲಿ ನೋಡಿ. ಈ ಚಿಹ್ನೆಗಳನ್ನು ಎಸ್ಕೇಪ್ ಮಾಡದೆ (ಬದಲಿ ಸಂಕೇತವಾಗಿ ಬರೆಯದೆ) ಕಳುಹಿಸಿದರೆ ಪಠ್ಯ ಬೇರೆ ಘಟಕಕ್ಕೆ ಹರಿಯುತ್ತದೆ. ಹೊಸ ಸಾಲು ಇದ್ದರೆ ಅಲ್ಲಿಂದ ಮುಂದಿನದು ಯಾರೂ ಅರಿಯದ ಸೆಗ್ಮೆಂಟ್ ಆಗುತ್ತದೆ.

ತಿದ್ದಿದ ಮತ್ತು ರದ್ದಾದ ದಾಖಲೆ

ಫಲಿತಾಂಶದ ಸ್ಥಿತಿ ಹೇಳುವ ಒಬಿಎಕ್ಸ್-11ರಲ್ಲಿ ಪಿ ತಾತ್ಕಾಲಿಕ, ಎಫ್ ಅಂತಿಮ, ಸಿ ತಿದ್ದಿದ್ದು. ಸಿ ಬಂದಾಗ ಹಳೆಯದರ ಪಕ್ಕದಲ್ಲಿ ಹೊಸದು ಇನ್ನೊಂದು ಫಲಿತಾಂಶದಂತೆ ಕೂತರೆ ವೈದ್ಯರು ಎರಡರಲ್ಲಿ ಯಾವುದನ್ನಾದರೂ ನಂಬಬಹುದು. ಫೈರ್‌ನಲ್ಲಿ ‘ಎಂಟರ್ಡ್-ಇನ್-ಎರರ್’ ಎಂಬ ಸ್ಥಿತಿಯನ್ನು ಪಡೆಯುವ ಕಡೆ ಓದುತ್ತಿದೆಯೇ ಎಂದು ಪರೀಕ್ಷಾ ರೋಗಿಯ ಮೇಲೆ ಖಚಿತ ಮಾಡಿಕೊಳ್ಳಿ: ಒಂದು ಫಲಿತಾಂಶ ಕಳುಹಿಸಿ, ಅದನ್ನೇ ತಪ್ಪೆಂದು ಮತ್ತೆ ಕಳುಹಿಸಿ, ಪರದೆಯಿಂದ ಮರೆಯಾಗುತ್ತದೆಯೇ ನೋಡಿ. ಇದನ್ನು ಪರೀಕ್ಷಿಸದೆ ಶುರುವಾದ ಜೋಡಣೆಗಳು ತುಂಬಾ ಇವೆ.

ಅಲರ್ಜಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲರ್ಜಿ ಪಟ್ಟಿ ಖಾಲಿ ಇರುವುದೂ, ‘ತಿಳಿದ ಅಲರ್ಜಿ ಯಾವುದೂ ಇಲ್ಲ’ ಎಂದು ಕೇಳಿ ಬರೆದಿರುವುದೂ ಒಂದೇ ಅಲ್ಲ. ಎರಡನೆಯದಕ್ಕೆ ವೈದ್ಯಕೀಯ ಪದಗಳ ಕೋಡ್ ಪಟ್ಟಿಯಾದ ಸ್ನೊಮೆಡ್‌ನಲ್ಲಿ 716186003 ಎಂಬ ಕೋಡ್ ಇದೆ. ಮ್ಯಾಪಿಂಗ್ ಪಟ್ಟಿಯಲ್ಲಿಲ್ಲದ ಅಲರ್ಜಿ ಕೋಡ್ ಬಂದಾಗ ಸಾಲನ್ನೇ ಬಿಟ್ಟುಬಿಡುವ ಎಂಜಿನ್ ಖಾಲಿ ಪಟ್ಟಿ ಸೃಷ್ಟಿಸುತ್ತದೆ, ಪರದೆ ಅದನ್ನು ‘ಅಲರ್ಜಿ ಇಲ್ಲ’ ಎಂದು ಓದಿಸುತ್ತದೆ. ಕೋಡ್ ಗೊತ್ತಿಲ್ಲದಿದ್ದರೆ ಮೂಲದಲ್ಲಿ ಬರೆದ ಪಠ್ಯವನ್ನಾದರೂ ಹಾಗೆಯೇ ತೋರಿಸಬೇಕು.

ಸರಿಪಡಿಸಿದ ಮೇಲೆ ಮರುಕಳುಹಿಸುವುದು

ಸಿಕ್ಕಿಬಿದ್ದ ಸಂದೇಶಗಳನ್ನು ಒಟ್ಟಿಗೆ ಬಿಡಬೇಡಿ. ಒಂದನ್ನು ಕಳುಹಿಸಿ, ಪರದೆಯಲ್ಲಿ ಕಣ್ಣಾರೆ ನೋಡಿ, ಆಮೇಲೆ ಹತ್ತು, ಆಮೇಲೆ ಉಳಿದವು. ಹುಟ್ಟಿದ ಕ್ರಮದಲ್ಲೇ ಹೋಗಲಿ; ಇಲ್ಲದಿದ್ದರೆ ರೋಗಿಯ ವಿವರ ಬದಲಿಸುವ ಹಳೆಯ ಎ08 ಸಂದೇಶ ಹೊಸ ವಿಳಾಸವನ್ನು ಅಳಿಸುತ್ತದೆ, ತಾತ್ಕಾಲಿಕ ವರದಿ ಅಂತಿಮ ವರದಿಯ ಮೇಲೆ ಕೂರುತ್ತದೆ. ವಿಲೀನದ ಸಂದೇಶ ಬಾಕಿ ಇದ್ದರೆ ಅದರ ನಂತರದ ವರದಿಗಳು ಕಾಯಬೇಕು. ಹಳೆಯ ವರದಿ ಹೊಸದಾಗಿ ಬಂದಂತೆ ಕಂಡು ವಾರ್ಡ್‌ಗಳಿಗೆ ಎಚ್ಚರಿಕೆಯ ಸಂದೇಶಗಳು ಹೋಗುವ ವ್ಯವಸ್ಥೆ ಇದ್ದರೆ ಅಲ್ಲಿಗೂ ಮುಂಚಿತವಾಗಿ ತಿಳಿಸಿ.

ಕೊನೆಗೆ ಲೆಕ್ಕ ತಾಳೆ ಮಾಡಿ: ದೋಷವಿದ್ದ ಅವಧಿಯಲ್ಲಿ ಮೂಲದಲ್ಲಿ ಸಹಿಯಾದ ವರದಿ ಎಷ್ಟು, ಪಡೆಯುವ ಡೇಟಾಬೇಸ್‌ಗೆ ಸೇರಿದ್ದು ಎಷ್ಟು, ಎರರ್ ಸರತಿಯಲ್ಲಿ ಉಳಿದದ್ದು ಎಷ್ಟು. ಮೊದಲನೆಯದು ಉಳಿದೆರಡರ ಮೊತ್ತಕ್ಕೆ ಸರಿಯಾಗದಿದ್ದರೆ ಇನ್ನೊಂದು ದೋಷ ಬಾಕಿ ಇದೆ. ಈ ತಾಳೆಯನ್ನು ದಿನವೂ ತಾನೇ ಓಡುವಂತೆ ಹಾಕಿಡಿ, ಜೊತೆಗೆ ‘ಈ ಫೀಡ್‌ನಿಂದ ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಏನೂ ಬಂದಿಲ್ಲ’ ಎಂಬ ಎಚ್ಚರಿಕೆಯನ್ನೂ ಇಡಿ. ಎರರ್ ಬಂದಾಗ ಮಾತ್ರ ಕೂಗುವ ಎಚ್ಚರಿಕೆಗೆ, ಕಳುಹಿಸುವುದೇ ನಿಂತಾಗ ಕೂಗಲು ಕಾರಣವೇ ಸಿಗುವುದಿಲ್ಲ.